ಮೇಸ್ತ್ರಿ ಅರ್ಧಕ್ಕೆ ಬಿಟ್ಟ ವಿಮಾನ

ಊಟದ ಮೇಜಿನ ಮೇಲೆ ವಿಮಾನ ಬಂದು ಕೂತ ಮೇಲೆ ಮನೆಯವರೆಲ್ಲ ಅಡುಗೆಮನೆಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುವುದು ರೂಢಿಯಾಯಿತು. ಮೊದಮೊದಲು ಅದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದರು. "ನಮ್ಮನೇಲೇ ವಿಮಾನ ನಿಲ್ದಾಣ ಇದೆ, ಕೂರೋಕೆ ಮಾತ್ರ ಜಾಗ ಇಲ್ಲ" ಎಂದು ಡ್ರೈವರನ ಮಗಳು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಡ್ರೈವರ್ ಆ ಮನೆಯ ಯಜಮಾನ. ಸಿಟಿ ಬಸ್ಸು ಓಡಿಸುತ್ತಿದ್ದ. ವಿಮಾನ ಅವನದಲ್ಲ, ಅವನ ಅಣ್ಣನದು. ಅಣ್ಣನನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಎರಕದ ಕಾರ್ಖಾನೆಯಲ್ಲಿ ಯಂತ್ರದ ಯಾವ ಭಾಗವನ್ನು ಹೊಯ್ಯಬೇಕಿದ್ದರೂ ಮೊದಲು ಅದರ ಅಚ್ಚನ್ನು ಮರದಲ್ಲಿ ಕೆತ್ತಿ ಕೊಡಬೇಕು. ಆ ಕೆಲಸದಲ್ಲೇ ಅವನ ತಲೆಗೂದಲು ಬೆಳ್ಳಗಾಗಿತ್ತು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, "ಅಳತೆ ಕೂಡಿ ಬರ್ಲಿಲ್ಲ" ಎನ್ನುತ್ತಿದ್ದ. ನಿವೃತ್ತನಾದ ಮೇಲೆ ಬಾಡಿಗೆ ಕೋಣೆಯ ಕಿಟಕಿಯ ಬಳಿ ಒಂದು ಹಲಗೆ ಹಾಕಿಕೊಂಡು ಕಾಂಕಾರ್ಡ್ ವಿಮಾನದ ಮಾದರಿ ಮಾಡತೊಡಗಿದ. ಶಬ್ದವನ್ನೇ ಹಿಂದೆ ಹಾಕಿ ಜನರನ್ನು ಹೊತ್ತು ಹಾರುತ್ತಿದ್ದ ಆ ವಿಮಾನ ಹಾರಾಟ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಮೇಸ್ತ್ರಿ ಅದಿರಲಿ, ಯಾವ ವಿಮಾನವನ್ನೂ ಹತ್ತಿದವನಲ್ಲ. ಆದರೆ ಅದರ ವಿಷಯ ಎತ್ತಿದರೆ ಸಾಕು, ಮುಖ ಅರಳುತ್ತಿತ್ತು.

"ಅಷ್ಟು ಮೇಲೆ ಹಾರಿದ್ರೂ ಇಳಿಯೋವಾಗ ಮೂತಿ ತಗ್ಗಿಸುತ್ತೆ ನೋಡು" ಎಂದು ತಮ್ಮನಿಗೆ ಹೇಳುತ್ತಿದ್ದ. "ನಿನಗಿಂತ ವಾಸಿ."

ಒಂದು ಬೆಳಿಗ್ಗೆ ಹಾಲಿನವಳು ಬಾಗಿಲು ತಟ್ಟಿದಾಗ ಮೇಸ್ತ್ರಿ ಹಲಗೆಯ ಕೆಳಗೆ ಮರದ ಹೊಟ್ಟಿನಲ್ಲಿ ಬಿದ್ದಿದ್ದ. ಮಿದುಳಿಗೆ ರಕ್ತ ಹೋಗುವುದು ತಪ್ಪಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಉಳಿದದ್ದು ಒಂದೇ ಪದ, "ಅಲ್ಲ."

ಆಸ್ಪತ್ರೆಯ ಡಾಕ್ಟರು ಡ್ರೈವರನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವರಿಗೆ ಸುಮಾರಾಗಿ ಎಲ್ಲ ಅರ್ಥ ಆಗುತ್ತೆ. ಆದ್ರೆ ಒಳಗಿರೋದು ಹೊರಗೆ ಬರಲ್ಲ. ಹೌದು ಅನ್ನೋಕೆ ಹೋದ್ರೂ ಅಲ್ಲ ಅಂತ್ಲೇ ಬರುತ್ತೆ. ತಲೆ ಆಡಿಸೋದನ್ನೂ ಪೂರ್ತಿ ನಂಬೋಕೆ ಆಗಲ್ಲ."

"ಮತ್ತೆ ನಮಗೆ ಗೊತ್ತಾಗೋದು ಹೇಗೆ ಸಾರ್?"

"ನಿಧಾನಕ್ಕೆ ಗೊತ್ತಾಗುತ್ತೆ" ಎಂದರು ಡಾಕ್ಟರು. ಹಾಗೆನ್ನುವಾಗ ಅವರು ಡ್ರೈವರನ ಮುಖ ನೋಡಲಿಲ್ಲ.

ಬಾಡಿಗೆ ಕೋಣೆ ಖಾಲಿ ಮಾಡಿ ಮೇಸ್ತ್ರಿಯನ್ನು ತಮ್ಮನ ಮನೆಗೆ ಕರೆತಂದರು. ಅವನ ಹಿಂದೆಯೇ ಉಳಿಗಳ ಪೆಟ್ಟಿಗೆ, ನಕ್ಷೆಯ ಸುರುಳಿ ಮತ್ತು ವಿಮಾನದ ಭಾಗಗಳು ಬಂದವು. ಉದ್ದನೆಯ ಒಡಲು ಸಿದ್ಧವಾಗಿತ್ತು. ಸವರಿದರೆ ಮರವೋ ಚರ್ಮವೋ ತಿಳಿಯದಷ್ಟು ನುಣುಪು. ಮೂತಿಗೆ ಹಿತ್ತಾಳೆಯ ಪುಟ್ಟ ತಿರುಗಣಿ ಕೂರಿಸಿದ್ದ. ಬೆರಳಿನಿಂದ ಒತ್ತಿದರೆ ಬಾಗುತ್ತಿತ್ತು, ಬಿಟ್ಟಲ್ಲೇ ನಿಲ್ಲುತ್ತಿತ್ತು. ರೆಕ್ಕೆಗಳು ಮಾತ್ರ ಒರಟು ಹಲಗೆಗಳಾಗಿಯೇ ಇದ್ದವು. ಎಂಜಿನ್ನುಗಳ ಗೂಡುಗಳಿನ್ನೂ ಬರೀ ಮರದ ತುಂಡು.

ಒಂದೂವರೆ ಕೋಣೆಯ ಮನೆ. ವಿಮಾನ ಹಿಡಿಸುವಷ್ಟು ಉದ್ದ ಊಟದ ಮೇಜಿಗೆ ಮಾತ್ರ ಇತ್ತು.

ಡ್ರೈವರನ ತಾಯಿಗೆ, ಮನೆಯ ಅಜ್ಜಿಗೆ, ಎಂಬತ್ತು ದಾಟಿತ್ತು. ಕಿವಿ ಮಂದ, ಬಾಯಿ ಮಂದವಲ್ಲ. ದೊಡ್ಡ ಮಗನನ್ನು ಗಾಲಿ ಕುರ್ಚಿಯಲ್ಲಿ ಮೇಜಿನ ಮುಂದೆ ಕೂರಿಸಿದ ದಿನ ಅವಳೇ ಒಂದು ರೆಕ್ಕೆ ಎತ್ತಿ ಅವನ ಎಡಗೈಗೆ ಕೊಟ್ಟಳು. "ಹಿಡ್ಕೊ ದೊಡ್ಡೋನೆ. ನಿನ್ನದೇ ಕೆಲಸ."

ಮೇಸ್ತ್ರಿ ಹಿಡಿದ. ಬಲಗೈ ಮೇಲೆ ಬರಲೆಂದು ಕಾಯುವವನಂತೆ ಅದನ್ನೇ ನೋಡಿದ. ಅದು ತೊಡೆಯ ಮೇಲಿಂದ ಏಳಲಿಲ್ಲ. ರೆಕ್ಕೆ ನೆಲಕ್ಕೆ ಬಿತ್ತು.

"ಅಲ್ಲ" ಎಂದ. ಮತ್ತೆ ಗಟ್ಟಿಯಾಗಿ, "ಅಲ್ಲ, ಅಲ್ಲ, ಅಲ್ಲ!" ಕೊನೆಗೆ ಅತ್ತುಬಿಟ್ಟ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ತಾಯಿಯೂ ನೋಡಿರಲಿಲ್ಲ.

"ಚಿಕ್ಕೋನೆ, ನೀನು ಮುಗಿಸು" ಎಂದಳು ಅಜ್ಜಿ.

"ನಾನಾ? ಅಮ್ಮ, ನಂದು ಸ್ಟೀರಿಂಗ್ ಹಿಡಿಯೋ ಕೈ. ಒಂದು ಮೊಳೆ ಹೊಡೆದ್ರೆ ಗೋಡೆ ಬಿರುಕು ಬಿಡುತ್ತೆ."

"ಅವನು ಕಣ್ಣಿಂದ ಹೇಳ್ತಾನೆ, ನೀನು ಕೈಯಿಂದ ಮಾಡು. ಅದು ಮುಗಿದ್ರೆ ಇವನಿಗೆ ಮಾತು ಬರುತ್ತೆ."

"ಯಾರು ಹೇಳಿದ್ರು ನಿನಗೆ?"

"ಯಾರು ಹೇಳ್ಬೇಕು? ನಾನು ಹೆತ್ತೋಳು."

ಮಾರನೆಯ ದಿನದಿಂದಲೇ ಡ್ರೈವರ್ ಮಧ್ಯಾಹ್ನ ಪಾಳಿ ಮುಗಿಸಿ ಬಂದು, ಖಾಕಿ ಅಂಗಿ ಕಳಚಿ, ಬನಿಯನ್ನಿನಲ್ಲೇ ಮೇಜಿಗೆ ಕೂರತೊಡಗಿದ. ನಕ್ಷೆ ಬಿಡಿಸಿ ನಾಲ್ಕು ಮೂಲೆಗೂ ಟೀ ಲೋಟ ಇಡುತ್ತಿದ್ದ. ಪಕ್ಕದಲ್ಲಿ ಗಾಲಿ ಕುರ್ಚಿ. ಅದರಲ್ಲಿ, ಕತ್ತಿಗೆ ಟವೆಲು ಕಟ್ಟಿಕೊಂಡು, ತುಟಿಯ ಬಲತುದಿ ಜೋತುಬಿದ್ದ ಅಣ್ಣ.

"ಇಷ್ಟು ತೆಗೀಲಾ ಅಣ್ಣ?"

"ಅಲ್ಲ."

"ಇನ್ನೂ ಜಾಸ್ತಿನಾ?"

"ಅಲ್ಲ."

"ಕಮ್ಮಿನಾ ಹಾಗಾದ್ರೆ?"

"ಅಲ್ಲ!"

"ಅಣ್ಣ, ಜಾಸ್ತೀನೂ ಅಲ್ಲ, ಕಮ್ಮೀನೂ ಅಲ್ಲ ಅಂದ್ರೆ ನಾನು ಏನು ಮಾಡ್ಲಿ, ಮರದ ಮುಂದೆ ಕೂತು ಹಾಡು ಹೇಳ್ಲಾ?"

ಮಗಳು ಅಂಗಡಿಯಿಂದ ರಟ್ಟು ತಂದು ಎರಡು ಚೀಟಿ ಮಾಡಿದಳು; ಒಂದರಲ್ಲಿ ಹಸಿರು ಗುರುತು, ಇನ್ನೊಂದರಲ್ಲಿ ಕೆಂಪು. "ದೊಡ್ಡಪ್ಪ, ಹೌದು ಅಂದ್ರೆ ಹಸಿರು ಮುಟ್ಟಿ. ಬೇಡ ಅಂದ್ರೆ ಕೆಂಪು. ನೀರು ಬೇಕಾ?"

ಮೇಸ್ತ್ರಿ ಕೆಂಪು ಮುಟ್ಟಿ, ನೀರಿನ ಲೋಟಕ್ಕೆ ಕೈ ಚಾಚಿದ. ಗಟಗಟ ಕುಡಿದು, ಮಗಳಂಥ ಈ ಹುಡುಗಿಯ ಮುಖ ನೋಡಿ, ಹಸಿರನ್ನೂ ಮುಟ್ಟಿದ. ಆಮೇಲೆ ಎರಡೂ ಚೀಟಿಗಳನ್ನು ಮೇಜಿನ ತುದಿಗೆ ನೂಕಿದ. ಅವಳು ಚೀಟಿಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಹೊರಗೆ ಬಂದಾಗ ಮುಖ ತೊಳೆದಿತ್ತು, ಕಣ್ಣು ಕೆಂಪಗಿತ್ತು.

ಡ್ರೈವರನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಭಾವ ಮನೆಗೆ ಬಂದ ಮೇಲೆ ಬೆಳಗಿನ ಕೆಲಸಕ್ಕೆ ಅವಳು ಸರಿಯಾದ ಹೊತ್ತಿಗೆ ಹೋದದ್ದೇ ಇಲ್ಲ. ಅವನನ್ನು ಎಬ್ಬಿಸಿ, ಬಟ್ಟೆ ಬದಲಾಯಿಸಿ, ಬೇಯಿಸಿದ ಆಲೂಗಡ್ಡೆಯನ್ನು ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಹಿಸುಕಿ ತಿನ್ನಿಸಿ, ಹಾಸಿಗೆ ಒಗೆದು ಹಾಕುವ ಹೊತ್ತಿಗೆ ಲಾಂಡ್ರಿಯ ಬಾಯ್ಲರು ಕಾದು ಅರ್ಧ ಬಟ್ಟೆ ಮುಗಿದಿರುತ್ತಿತ್ತು. ಒಂದು ದಿನ ಲಾಂಡ್ರಿಯ ಒಡತಿ, "ನೀನು ಮನೆ ನೋಡ್ಕೊ ಅಮ್ಮ, ಎಲ್ಲ ಸರಿಹೋದ ಮೇಲೆ ಬಾ" ಎಂದು ನಗುನಗುತ್ತಲೇ ಹೇಳಿ ಅವಳ ಮೇಜಿಗೆ ಬೇರೆಯವಳನ್ನು ನಿಲ್ಲಿಸಿದಳು.

ಅವಳು ಮನೆಗೆ ಬಂದಾಗ ಗಂಡ ಎಂಜಿನ್ ಗೂಡಿಗೆ ಉಳಿ ಹಾಕುತ್ತಿದ್ದ. ನೆಲವೆಲ್ಲ ಹೊಟ್ಟು. ಭಾವನ ಟವೆಲು ಒದ್ದೆಯಾಗಿತ್ತು. ಪಾಯಿಜಾಮವೂ ಒದ್ದೆಯಾಗಿತ್ತು.

"ಎಷ್ಟು ಹೊತ್ತಾಯ್ತು ಹೀಗಾಗಿ?"

"ಏನು?"

"ನಿಮ್ಮಣ್ಣನ ಬಟ್ಟೆ. ಪಕ್ಕದಲ್ಲೇ ಕೂತಿದ್ದೀರಿ, ಮೂಗಿಲ್ವಾ?"

"ಕೆಲಸದಲ್ಲಿ ಗೊತ್ತಾಗ್ಲಿಲ್ಲ ಕಣೆ."

"ಯಾವ ಕೆಲಸ? ನಿಮ್ಮಣ್ಣನ ಚಡ್ಡಿ ಒಗೆಯೋದು ನಾನು, ವಿಮಾನ ಮಾಡೋದು ನೀವು. ಬಂದವರೆಲ್ಲ ಏನಂತಾರೆ? ಎಂಥಾ ತಮ್ಮ, ಅಣ್ಣನಿಗೋಸ್ಕರ ವಿಮಾನ ಮಾಡ್ತಿದ್ದಾನೆ. ಚಡ್ಡಿ ನೋಡಿ ಯಾರೂ ಹಾಗನ್ನಲ್ಲ."

"ಮೆತ್ತಗೆ. ಅವನಿಗೆ ಕೇಳಿಸುತ್ತೆ."

"ಕೇಳಿಸ್ಲಿ! ನನ್ನ ಕೆಲಸ ಹೋಯ್ತು ಇವತ್ತು. ಅದೂ ಕೇಳಿಸ್ಲಿ."

ಡ್ರೈವರ್ ಉಳಿ ಕೆಳಗಿಟ್ಟ. ಅಜ್ಜಿ ಒಳಗಿನಿಂದ, "ಏನಂತೆ? ಏನು ಬಿತ್ತು?" ಎಂದು ಕೂಗಿದಳು. ಮೇಸ್ತ್ರಿ ತನ್ನ ಒದ್ದೆ ಮೊಣಕಾಲನ್ನು ಎಡಗೈಯಿಂದ ಮುಚ್ಚಿಕೊಳ್ಳಲು ನೋಡುತ್ತಿದ್ದ. ಅದನ್ನು ಕಂಡು ಅವಳ ದನಿ ತಾನಾಗಿಯೇ ಇಳಿಯಿತು.

"ನಿಮ್ಮ ಮೇಲಲ್ಲ ಭಾವ ಸಿಟ್ಟು" ಎಂದಳು.

"ಅಲ್ಲ" ಎಂದ ಮೇಸ್ತ್ರಿ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಅಂದಿನಿಂದ ಸ್ನಾನ, ಬಟ್ಟೆಯ ಹೊಣೆ ಡ್ರೈವರನದಾಯಿತು. ಅಣ್ಣನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಸೋಪು ಹಚ್ಚುವಾಗ ಅವನಿಗೆ ನಾಚಿಕೆಯಾಗುತ್ತಿತ್ತು, ಅಣ್ಣನಿಗೆ ಅದಕ್ಕಿಂತ ಹೆಚ್ಚು. ಇಬ್ಬರೂ ಗೋಡೆ ನೋಡುತ್ತಿದ್ದರು. ಸೋತ ಬಲಗೈಯನ್ನು ಎತ್ತಿ ತೊಳೆಯುವಾಗ ಡ್ರೈವರ್ ಅಂಗೈಯನ್ನು ಒತ್ತಿ ನೋಡಿದ. ಉಳಿ ಹಿಡಿದು ಹಿಡಿದು ಕಲ್ಲಿನಂತಾಗಿದ್ದ ಜಡ್ಡು ಮೆತ್ತಗಾಗಿ, ಅಂಚುಗಳಲ್ಲಿ ಸಿಪ್ಪೆ ಏಳುತ್ತಿತ್ತು.

ಚಿಕ್ಕಂದಿನಲ್ಲಿ ಇದೇ ಅಣ್ಣ ಅವನನ್ನು ಕಾರ್ಖಾನೆಗೆ ಸೇರಿಸಿದ್ದ. ಒಂದು ವಾರದಲ್ಲೇ, "ಇವನ ಕೈಗೆ ಕಣ್ಣಿಲ್ಲ" ಎಂದು ಹೊರಗೆ ಕಳಿಸಿದ್ದೂ ಇವನೇ. ಆಗ ಬೇಸರವಾಗಿತ್ತು. ಈಗ ಆ ಮಾತನ್ನಾದರೂ ಅಣ್ಣ ಇನ್ನೊಮ್ಮೆ ಆಡಲಿ ಎನ್ನಿಸುತ್ತಿತ್ತು.

ಕೆಲಸ ಮಾತ್ರ ಮುಂದೆ ಸಾಗುತ್ತಿತ್ತು. ರೆಕ್ಕೆಗಳು ನಕ್ಷೆಯ ಗೆರೆಗೆ ಬಂದವು, ಗೂಡುಗಳು ಅಂಟಿಕೊಂಡವು. ಬಸ್ ಡಿಪೋದಲ್ಲಿ ಡ್ರೈವರನ ಗೆಳೆಯರು, "ಏನಪ್ಪಾ ಪೈಲಟ್, ಯಾವಾಗ ಹಾರೋದು?" ಎಂದು ಕೇಳುತ್ತಿದ್ದರು. ಅವನಿಗೆ ಒಳಗೊಳಗೇ ಹೆಮ್ಮೆ. ಒಮ್ಮೊಮ್ಮೆ ಪಾಳಿಯ ನಡುವೆ ಸಿಗ್ನಲ್ಲಿನಲ್ಲಿ ನಿಂತಾಗ ಬೆರಳುಗಳು ಸ್ಟೀರಿಂಗ್ ಮೇಲೆ ರೆಕ್ಕೆಯ ತಿರುವನ್ನು ಸವರುತ್ತಿದ್ದವು.

ಒಡಲಿನ ಮುಂಭಾಗಕ್ಕೆ ಅಂಟು ಹಚ್ಚುತ್ತಿದ್ದಾಗ ಆ ಅನಾಹುತವಾಯಿತು. ಅಜ್ಜಿ ಟೀ ತಂದು ಕೊಟ್ಟಳು, ಡ್ರೈವರ್ ಲೋಟಕ್ಕೆ ಕೈ ಚಾಚಿದ, ಅಂಟಿನ ಡಬ್ಬಿ ಮಗುಚಿತು. ಒರೆಸುವಷ್ಟರಲ್ಲಿ ಅಂಟು ಸೀಳಿನೊಳಕ್ಕೆ ಇಳಿದು ಹಿತ್ತಾಳೆಯ ತಿರುಗಣಿಯನ್ನು ತುಂಬಿಬಿಟ್ಟಿತ್ತು. ಸಂಜೆ ಬೆರಳಿಟ್ಟು ಒತ್ತಿದರೆ ಮೂತಿ ಅಲ್ಲಾಡಲಿಲ್ಲ. ನೆಟ್ಟಗೂ ಅಲ್ಲ, ಪೂರ್ತಿ ಬಾಗಿಯೂ ಅಲ್ಲ, ನಡುವೆ ಎಲ್ಲೋ ಕಚ್ಚಿಕೊಂಡಿತ್ತು. ಚಾಕು ಹಾಕಿ ಬಿಡಿಸಲು ಹೋದಾಗ ಅಂಚಿನ ಮರ ಸಣ್ಣಗೆ ಚಕ್ಕೆ ಎದ್ದಿತು.

ಮೇಸ್ತ್ರಿ ಇದನ್ನೆಲ್ಲ ನೋಡುತ್ತಿದ್ದ. ಕೂಗಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡ.

ಆ ಹೊತ್ತಿನ ಊಟ ಅವನು ಮುಟ್ಟಲಿಲ್ಲ. ಮಾರನೆಯ ದಿನವೂ ಚಮಚ ತುಟಿಗೆ ತಾಗಿದರೆ ಮುಖ ತಿರುಗಿಸುತ್ತಿದ್ದ.

"ಟೀ ನಾನು ತರಬಾರದಿತ್ತು" ಎಂದಳು ಅಜ್ಜಿ.

"ನಿನ್ನ ತಪ್ಪಲ್ಲ ಬಿಡಮ್ಮ."

"ಹಾಗಾದ್ರೆ ಯಾರದು? ಯಾರದಾದ್ರೂ ಅನ್ನು. ಯಾರದೂ ಅಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ."

"ನಂದು. ಸರಿನಾ? ಇವನ ಕೈಗೆ ಕಣ್ಣಿಲ್ಲ ಅಂತ ಅಣ್ಣ ಅವತ್ತೇ ಹೇಳಿದ್ದನಲ್ಲ."

ಡ್ರೈವರನ ಹೆಂಡತಿ ಗಂಜಿಯ ಬಟ್ಟಲು ಹಿಡಿದು ಭಾವನ ಎದುರು ಕೂತಳು. ರಮಿಸಲಿಲ್ಲ. "ನೋಡಿ ಭಾವ, ಅದು ಹಾಳಾಯ್ತು. ನನಗೂ ಬೇಜಾರೇ. ಆದ್ರೆ ನೀವು ತಿನ್ನದೆ ಮಲಗಿದ್ರೆ ಆಸ್ಪತ್ರೇಲಿ ಮೂಗಿಗೆ ನಳಿಗೆ ಹಾಕ್ತಾರೆ, ಅದನ್ನ ತೊಳೆಯೋಳೂ ನಾನೇ. ನನ್ನ ಮುಖ ನೋಡಿ ನಾಲ್ಕು ಚಮಚ ತಿನ್ನಿ." ಮೇಸ್ತ್ರಿ ಬಹಳ ಹೊತ್ತಿನ ಮೇಲೆ ಬಾಯಿ ತೆರೆದ. ನಾಲ್ಕರ ಮೇಲೆ ಐದನೆಯದಕ್ಕೂ ತೆರೆದ.

ಕೊನೆಗೂ ಬಿಳಿ ಬಣ್ಣ ಬಿತ್ತು. ಬಣ್ಣ ಹಚ್ಚುವುದು, ಒಣಗಿಸುವುದು, ಉಜ್ಜುವುದು, ಮತ್ತೆ ಹಚ್ಚುವುದು. ಮಗಳು ಕನ್ನಡಕದ ಅಂಗಡಿಯ ಸಣ್ಣ ಕುಂಚದಿಂದ ಕಿಟಕಿಗಳನ್ನು ಒಂದೊಂದಾಗಿ ಬರೆದಳು. ಚಕ್ಕೆ ಎದ್ದ ಜಾಗ ಮೇಣ ತುಂಬಿದ ಮೇಲೆ ಕಾಣದಂತಾಯಿತು. ಮೂತಿ ಬಾಗುವುದಿಲ್ಲ ಎಂಬುದೊಂದು ಬಿಟ್ಟರೆ, ಬಾಗಿಲಲ್ಲಿ ನಿಂತು ನೋಡಿದವರಿಗೆ ಕಣ್ಣು ಕೀಳಲಾಗದಷ್ಟು ಚೆಂದವಿತ್ತು. ಹೆಂಡತಿಯೂ ಕೈ ಒರೆಸಿಕೊಳ್ಳುತ್ತ ಬಂದು ನಿಂತು, "ಅಬ್ಬಾ, ನೀವೇ ಮಾಡಿದ್ರಾ ಇದನ್ನ?" ಎಂದಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಬಹುಶಃ ಅದೇ ಮೊದಲು.

ಭಾನುವಾರ ಕಾರ್ಖಾನೆಯ ಹಳೆಯ ಗೆಳೆಯರಿಬ್ಬರನ್ನು ಟೀಗೆ ಕರೆದರು. ಅಜ್ಜಿ ಹೊಸ ಸೀರೆ ಉಟ್ಟಳು. ಮೇಸ್ತ್ರಿಗೆ ಕ್ಷೌರ ಮಾಡಿಸಿ ಇಸ್ತ್ರಿ ಅಂಗಿ ಹಾಕಿದರು. ವಿಮಾನದ ಮೇಲೆ ಒಗೆದ ಬಿಳಿ ಬಟ್ಟೆ ಮುಚ್ಚಿತ್ತು. ಬಟ್ಟೆ ತೆಗೆದದ್ದು ಮಗಳು.

"ಓಹೋ!" ಎಂದ ಒಬ್ಬ. "ಮೇಸ್ತ್ರಿ, ನೀನೇ ಮಾಡಿದ ಹಾಗಿದೆಯಲ್ಲೋ!"

ಇನ್ನೊಬ್ಬ ಬಗ್ಗಿ ರೆಕ್ಕೆಯ ಅಡಿಯಲ್ಲಿ ಬೆರಳು ಆಡಿಸಿದ. ಒಂದೆಡೆ ಬೆರಳು ನಿಲ್ಲಿಸಿದ. ಮತ್ತೆ ಆಡಿಸಿದ. "ಚೆನ್ನಾಗಿದೆ" ಎಂದ.

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಅಜ್ಜಿ ಕೈ ಜೋಡಿಸಿಕೊಂಡು ಅವನ ತುಟಿಯನ್ನೇ ನೋಡುತ್ತಿದ್ದಳು. ಮೇಸ್ತ್ರಿ ವಿಮಾನವನ್ನು ಬಾಲದಿಂದ ಮೂತಿಯವರೆಗೆ ನಿಧಾನವಾಗಿ ನೋಡಿದ. ಬಾಯಿ ಏನನ್ನೋ ಹುಡುಕಿತು, ಕತ್ತಿನ ನರ ಉಬ್ಬಿತು.

"ಅಲ್ಲ" ಎಂದ.

"ಹೌದು ಅಂತಿದ್ದಾನೆ" ಎಂದಳು ಅಜ್ಜಿ ಬೇಗನೆ. "ಡಾಕ್ಟರು ಹೇಳಿದ್ರಲ್ಲ, ಹೌದು ಅನ್ನೋಕೂ ಅಲ್ಲ ಅಂತ್ಲೇ ಬರುತ್ತೆ ಅಂತ."

ಮೇಸ್ತ್ರಿ ಎಡಗೈಯಿಂದ ಗಾಲಿ ಹಿಡಿದು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಗೋಡೆಗೆ ಮುಖ ಮಾಡಿದ. ಗೆಳೆಯರು ಟೀ ಮುಗಿಸದೆ ಎದ್ದರು.

ಡ್ರೈವರ್ ಅವರ ಹಿಂದೆ ಬೀದಿಯವರೆಗೆ ಹೋದ. ರೆಕ್ಕೆ ಸವರಿದವನ ತೋಳು ಹಿಡಿದು, "ಏನೋ ತಪ್ಪಿದೆ ಅಲ್ವಾ? ನೀವು ಒಂದ್ಕಡೆ ಬೆರಳು ನಿಲ್ಲಿಸಿದ್ರಿ, ನಾನು ನೋಡಿದೆ" ಎಂದ.

"ಏನೋ ಇದೆ ಅನ್ನಿಸ್ತು. ಏನು ಅಂತ ನನಗೂ ಗೊತ್ತಾಗ್ಲಿಲ್ಲಪ್ಪ."

"ನೀವೂ ಅದೇ ಕೆಲಸ ಮಾಡಿದವರು."

"ನಕ್ಷೆ ಇದ್ರೆ ಎಲ್ಲರೂ ಮಾಡ್ತೀವಿ. ಅವನು ನಕ್ಷೆ ಪಕ್ಕಕ್ಕಿಟ್ಟು ಮಾಡೋನು. ಅವನ ತಲೇಲಿ ಏನಿತ್ತು ಅಂತ ಅವನನ್ನೇ ಕೇಳ್ಬೇಕು." ಹಾಗೆಂದವನು ತನ್ನ ಮಾತಿಗೆ ತಾನೇ ಪೆಚ್ಚಾಗಿ, ಡ್ರೈವರನ ಭುಜ ತಟ್ಟಿ ಹೊರಟುಹೋದ.

ಸಂಜೆ ಡ್ರೈವರ್ ವಿಮಾನವನ್ನು ಬೀರುವಿನ ತಲೆಯ ಮೇಲೆ ಏರಿಸಿದ. ಎಷ್ಟೋ ವಾರಗಳ ಮೇಲೆ ಎಲ್ಲರೂ ಕುರ್ಚಿಗಳಲ್ಲಿ ಕೂತು ಉಂಡರು. ಯಾರಿಗೂ ಊಟ ರುಚಿಸಲಿಲ್ಲ. ಬರಬರುತ್ತಾ ಅಜ್ಜಿ, ದೊಡ್ಡ ಮಗನಿಗೆ ಮಾತು ಬರುತ್ತದೆ ಎನ್ನುವುದನ್ನೇ ಬಿಟ್ಟಳು. ಮೇಸ್ತ್ರಿ ಮಾತ್ರ ದಿನವಿಡೀ ಬೀರುವಿನ ಮೇಲೆ ಕಣ್ಣಿಟ್ಟಿರುತ್ತಿದ್ದ. ಊಟ ಅರ್ಧಕ್ಕೆ ನಿಲ್ಲಿಸಿ ಎಡಗೈ ಎತ್ತಿ ತೋರಿಸುತ್ತಿದ್ದ.

"ಇಳಿಸಿ ಕೊಟ್ಟುಬಿಡಿ" ಎಂದಳು ಹೆಂಡತಿ. "ನೋಡ್ಕೊಂಡಾದ್ರೂ ಇರ್ಲಿ."

ಇಳಿಸಿ ಮುಂದೆ ಇಟ್ಟರು. ಮೇಸ್ತ್ರಿ ನೋಡಲಿಲ್ಲ, ಉಳಿಗಳ ಪೆಟ್ಟಿಗೆಯತ್ತ ಕೈ ಮಾಡಿದ. ಮಗಳು ಒಂದೊಂದೇ ಸಾಮಾನು ಎತ್ತಿ ಹಿಡಿದಳು. ಉಳಿಗೆ ಅಲ್ಲ, ಅರಕ್ಕೆ ಅಲ್ಲ, ಅಳತೆಪಟ್ಟಿಗೆ ಅಲ್ಲ. ಮರ ಉಜ್ಜುವ ಉಪ್ಪು ಕಾಗದದ ತುಂಡೊಂದನ್ನು ಎತ್ತಿದಾಗಲೂ ಅಲ್ಲ ಎಂದ, ಆದರೆ ಅದನ್ನು ಕಿತ್ತುಕೊಂಡ. ಎಡಗೈಯ ಮೂರು ಬೆರಳಿಗೆ ಸುತ್ತಿ, ಬಲ ರೆಕ್ಕೆಯ ತುದಿಯ ಮೇಲಿಟ್ಟು, ಉಜ್ಜತೊಡಗಿದ. ಬಿಳಿ ಬಣ್ಣ ಪುಡಿಯಾಗಿ ಉದುರಿತು.

ಪಾಳಿಯಿಂದ ಬಂದ ಡ್ರೈವರ್ ಬಾಗಿಲಲ್ಲೇ ಕಿರುಚಿದ. "ಅಣ್ಣ! ಏನು ಮಾಡ್ತಿದ್ದೀಯ? ಬಿಡು, ಬಿಡು ಅದನ್ನ!"

ಕಾಗದ ಕಸಿಯಲು ಹೋದವನನ್ನು ಹೆಂಡತಿ ಅಡ್ಡ ಬಂದು ತಡೆದಳು.

"ಬೇಡ."

"ಎಲ್ಲಾ ಹಾಳು ಮಾಡ್ತಿದ್ದಾನೆ ಕಣೆ!"

"ಸರಿ ಮಾಡ್ತಿರಬಹುದು."

"ಒಂದು ಕೈಯಲ್ಲಿ? ಎಡಗೈಯಲ್ಲಿ?"

"ನನಗೇನು ಗೊತ್ತು? ಬೆಳಿಗ್ಗೆಯಿಂದ ಒಂದು ಸಲಾನೂ ಅಳ್ಲಿಲ್ಲ. ಕೊಟ್ಟಿದ್ದೆಲ್ಲ ತಿಂದ್ರು. ಬಿಡಿ."

ಅಂದಿನಿಂದ ಅದೇ ನಡೆಯಿತು. ಅವನು ಉಜ್ಜುತ್ತಿದ್ದ, ಅವಳು ಗುಡಿಸುತ್ತಿದ್ದಳು. ಮೊದಲು ಬಣ್ಣ ಹೋಯಿತು, ಆಮೇಲೆ ಮರ ತೆಳುವಾಗುತ್ತ ಬಂತು. ಮಗಳು ಬರೆದ ಕಿಟಕಿಗಳು ಒಂದೊಂದಾಗಿ ಅಳಿಸಿಹೋದವು. ಅವನು ತನಗೆ ಬೇಕಾದ ತಿರುವನ್ನು ಹುಡುಕುತ್ತಿದ್ದನೋ, ಅಥವಾ ಕೈಗೆ ಬಂದ ಒಂದೇ ಚಲನೆಯನ್ನು ಸುಮ್ಮನೆ ಮಾಡುತ್ತಲೇ ಇದ್ದನೋ, ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೇಳುವುದನ್ನೂ ಬಿಟ್ಟರು. ಡ್ರೈವರ್ ಅತ್ತ ನೋಡದೆ ಓಡಾಡುತ್ತಿದ್ದ. ಬಿಡುವಿದ್ದಾಗಲೂ ಡಿಪೋದಲ್ಲೇ ಕೂತಿರುತ್ತಿದ್ದ.

ಒಂದು ಮಧ್ಯಾಹ್ನ ಅವನು ಮನೆಗೆ ಬಂದಾಗ ಮೇಸ್ತ್ರಿಯೊಬ್ಬನೇ ಮುಂದಿನ ಕೋಣೆಯಲ್ಲಿದ್ದ. ಉಜ್ಜಿದಾಗಲೆಲ್ಲ ವಿಮಾನ ಮೇಜಿನ ಮೇಲೆ ಜಾರುತ್ತಿತ್ತು. ಮೇಸ್ತ್ರಿ ಕಾಗದ ಬಿಟ್ಟು ಅದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ, ಮತ್ತೆ ಕಾಗದ ಹಿಡಿಯುತ್ತಿದ್ದ, ಅದು ಮತ್ತೆ ಜಾರುತ್ತಿತ್ತು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

ಡ್ರೈವರ್ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತ. ಆಮೇಲೆ ಖಾಕಿ ಅಂಗಿಯಲ್ಲೇ ಬಂದು ಕೂತು, ಅಣ್ಣನ ಹಣೆಯನ್ನು ಟವೆಲಿನಿಂದ ಒತ್ತಿ, ವಿಮಾನದ ಒಡಲನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಮೇಸ್ತ್ರಿ ಒಮ್ಮೆ ತಲೆಯೆತ್ತಿ ನೋಡಿದ. ಪುಡಿಯನ್ನು ಊದಿ, ಮತ್ತೆ ಉಜ್ಜತೊಡಗಿದ. ಒಂದು ಕಡೆ ರೆಕ್ಕೆ ಎಷ್ಟು ತೆಳುವಾಗಿತ್ತೆಂದರೆ ಅದರ ಮೂಲಕ ಕಿಟಕಿಯ ಬೆಳಕು ಕೆಂಪಗೆ ಕಾಣುತ್ತಿತ್ತು. ಇನ್ನೆರಡು ದಿನದಲ್ಲಿ ಅಲ್ಲಿ ತೂತು ಬೀಳುವುದು ಖಂಡಿತವಿತ್ತು. ಡ್ರೈವರನಿಗೆ ಅದು ಕಂಡಿತು.

"ಊಟಕ್ಕೆ ಬನ್ರೋ, ಆರಿಹೋಗುತ್ತೆ" ಎಂದು ಅಜ್ಜಿ ಒಳಗಿನಿಂದ ಕೂಗಿದಳು.

"ಸ್ವಲ್ಪ ತಡಿಯಮ್ಮ" ಎಂದ ಡ್ರೈವರ್, ಹಿಡಿತ ಸಡಿಲಿಸದೆ. "ಅಣ್ಣ ಕೆಲಸ ಮಾಡ್ತಿದ್ದಾನೆ."